ಸ್ಮೆರ್ದ್: ಐದು ಗ್ರಿವ್ನಾದ ರೈತನೋ, ನಲವತ್ತರವನೋ?

ಹನ್ನೊಂದು, ಹನ್ನೆರಡನೇ ಶತಮಾನಗಳಲ್ಲಿ ಕೀವ್ ಮತ್ತು ನವ್ಗೊರೊದ್ ಸೀಮೆಯ ಹಳ್ಳಿಗಾಡಿನ ರೈತನಿಗೆ ‘ಸ್ಮೆರ್ದ್’ ಎನ್ನುತ್ತಿದ್ದರು. ಪದದ ಬೇರಿನ ಅರ್ಥ ‘ದುರ್ವಾಸನೆ ಬೀರು’ ಎಂಬುದು. ರಷ್ಯನ್ನಿನ ‘ಸ್ಮೆರ್ದೆತ್’, ಲಿಥುವೇನಿಯನ್ನಿನ ‘ಸ್ಮಿರ್ದೆತಿ’ ಎರಡಕ್ಕೂ ಇದೇ ಅರ್ಥ. ಮಲಕ್ಕೆ ಲ್ಯಾಟಿನ್ನಿನಲ್ಲಿರುವ ‘ಮೆರ್ದಾ’ವನ್ನೂ ಅನೇಕರು ಈ ಬುಡಕ್ಕೇ ಸೇರಿಸುತ್ತಾರೆ. ಎಲ್ಬೆ ನದಿಯ ಕಡೆಯ ಸ್ಲಾವರ ಕುರಿತ ಲ್ಯಾಟಿನ್ ದಾಖಲೆಗಳಲ್ಲೂ ‘ಸ್ಮುರ್ದಿ’ಗಳು ಕಾಣುವುದರಿಂದ, ಇದು ಕೀವ್ ರಾಜ್ಯಕ್ಕಿಂತ ಹಳೆಯ ಹೆಸರು ಎನ್ನಬಹುದು.

ಹುಟ್ಟಿನಲ್ಲಿ ಬೈಗುಳವೇ, ಸರಿ. ಆದರೆ ಬಳಕೆಯಲ್ಲಿ ಅದರ ನಾತ ಹೋಗಿ ಬರೀ ಆಡಳಿತದ ಪದವಾಗಿತ್ತು. 1136ರಲ್ಲಿ ನವ್ಗೊರೊದ್‌ನವರು ರಾಜಕುಮಾರ ವ್ಸೆವೊಲೊದ್‌ನನ್ನು ಹೊರಹಾಕಿದಾಗ ಹೊರಿಸಿದ ಮೊದಲ ಆರೋಪವೇ ‘ಸ್ಮೆರ್ದ್‌ಗಳನ್ನು ಕಾಯುವುದಿಲ್ಲ’ ಎಂಬುದು. 1103ರಲ್ಲಿ ಪೊಲೊವ್ತ್ಸಿ ಅಲೆಮಾರಿಗಳ ಮೇಲೆ ವಸಂತದಲ್ಲೇ ದಂಡು ಹೊರಡಿಸುವ ಮಾತು ಬಂದಾಗ, ಉಳುಮೆಯ ಕುದುರೆ ಕಿತ್ತುಕೊಂಡರೆ ಸ್ಮೆರ್ದ್ ಹಾಳಾಗುತ್ತಾನೆ ಎಂದು ಸರದಾರರು ತಡೆದರು. ಕುದುರೆಗೆ ಮರುಗುತ್ತೀರಿ, ಉಳುವಾಗಲೇ ಶತ್ರು ಬಂದು ಅವನನ್ನು ಬಾಣದಿಂದ ಕೊಂದು, ಹೆಂಡತಿ ಮಕ್ಕಳನ್ನು ಹೊತ್ತೊಯ್ದರೆ? ಎಂದು ರಾಜಕುಮಾರ ವ್ಲಾದಿಮಿರ್ ಮೊನೊಮಾಖ್ ತಿರುಗಿ ಕೇಳಿದ.

ನಿಜವಾದ ತೊಡಕಿರುವುದು ಕಾನೂನಿನಲ್ಲಿ. ‘ರುಸ್ಕಯಾ ಪ್ರಾವ್ದಾ’ ಎಂಬ ಕಟ್ಟಳೆಯ ಪ್ರಕಾರ ರಾಜನ ಹಿರಿಯ ಸೇವಕನನ್ನು ಕೊಂದರೆ ದಂಡ 80 ಗ್ರಿವ್ನಾ (ಆಗಿನ ಬೆಳ್ಳಿಯ ಹಣ), ಸ್ವತಂತ್ರ ಪ್ರಜೆಯನ್ನು ಕೊಂದರೆ 40. ಆಮೇಲೆ ಬರುತ್ತದೆ ಐದು ಗ್ರಿವ್ನಾದ ಸಾಲು. ಹಸ್ತಪ್ರತಿಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅದನ್ನು ‘ಸ್ಮೆರ್ದ್ ಇ ಹೊಲೊಪ್’ ಎಂದು ಒಡೆದರೆ ‘ಸ್ಮೆರ್ದ್ ಮತ್ತು ಗುಲಾಮ’. ‘ಸ್ಮೆರ್ದಿ ಹೊಲೊಪ್’ ಎಂದು ಒಡೆದರೆ ‘ಸ್ಮೆರ್ದ್‌ನ ಗುಲಾಮ’. ಮೊದಲನೆಯದು ಸರಿಯಾದರೆ ರೈತನ ಜೀವ ಗುಲಾಮನ ಜೀವದಷ್ಟೇ ಅಗ್ಗ. ಎರಡನೆಯದಾದರೆ ಅವನೇ ಗುಲಾಮರನ್ನು ಇಟ್ಟುಕೊಂಡ ಸ್ವತಂತ್ರ, ಅವನ ಬೆಲೆ 40. ಪ್ರತಿಗಳಲ್ಲಿ ಎರಡೂ ಪಾಠಗಳಿವೆ. ಇತಿಹಾಸಕಾರರಲ್ಲಿ ಗ್ರೆಕೊವ್ ಸ್ಮೆರ್ದ್‌ಗಳಲ್ಲಿ ಸ್ವತಂತ್ರರೂ ಅಧೀನರೂ ಇದ್ದರು ಎಂದರೆ, ಫ್ರೊಯಾನೊವ್‌ಗೆ ಅವರಲ್ಲಿ ಒಂದು ಪಾಲು ರಾಜನ ನೆಲದಲ್ಲಿ ನೆಲೆಗೊಳಿಸಿದ ಸೆರೆಯಾಳುಗಳು.

ಬೇರೆ ಕಲಮುಗಳನ್ನು ನೋಡಿದರೆ ಅವನು ಪೂರ್ತಿ ಗುಲಾಮನಂತೆ ಕಾಣುವುದಿಲ್ಲ. ಅವನಿಗೆ ಸ್ವಂತ ಕುದುರೆ ಇತ್ತು: ಅದನ್ನು ಕದ್ದರೆ 2 ಗ್ರಿವ್ನಾ ದಂಡ, ರಾಜಮುದ್ರೆಯ ಕುದುರೆಗೆ 3. ರಾಜನ ಅಪ್ಪಣೆಯಿಲ್ಲದೆ ಅವನಿಗೆ ಚಿತ್ರಹಿಂಸೆ ಕೊಟ್ಟರೂ 3 ಗ್ರಿವ್ನಾ ದಂಡವಿತ್ತು. ಆದರೆ ಗಂಡುಮಕ್ಕಳಿಲ್ಲದೆ ಸತ್ತರೆ ಆಸ್ತಿ ರಾಜನಿಗೆ; ಮದುವೆಯಾಗದೆ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಒಂದು ಪಾಲು, ಮದುವೆಯಾದವರಿಗೆ ಏನೂ ಇಲ್ಲ. ಬೊಯಾರ್ ಕುಲೀನರಲ್ಲಾದರೋ ಆಸ್ತಿ ಹೆಣ್ಣುಮಕ್ಕಳಿಗೇ ಹೋಗುತ್ತಿತ್ತು. ರಾಜನಿಗೆ ನೇರವಾಗಿ ಅಂಟಿಕೊಂಡ ಕಂದಾಯದ ಒಕ್ಕಲು ಎಂಬುದೇ ಇಲ್ಲಿ ಹೆಚ್ಚು ಒಪ್ಪುವ ಚಿತ್ರ.

ಹದಿಮೂರನೇ ಶತಮಾನಕ್ಕೆ ಪದ ಮತ್ತೆ ಕೊಳಕಾಯಿತು. 1240ರ ಸುಮಾರಿಗೆ, ಕೀವ್‌ನ ಪಶ್ಚಿಮಕ್ಕಿರುವ ಗಲೀಷಿಯಾದ ಇಬ್ಬರು ಅಧಿಕಾರಿಗಳನ್ನು ಜರೆಯಲು ಅಲ್ಲಿನ ಇತಿಹಾಸಕಾರ ಬಳಸಿದ್ದು ‘ಸ್ಮೆರ್ದ್ ಕುಲದವರು’ ಎಂಬ ಮಾತನ್ನು. (ಸಿನಿಮಾದ ‘ವಿಲನ್’ ಕೂಡ ಮೂಲತಃ ಜಮೀನಿನ ಆಳೇ.) ಮುಂದೆ ರೈತನಿಗೆ, ಕ್ರೈಸ್ತ ಎಂಬುದರಿಂದ ಬಂದ ‘ಕ್ರೆಸ್ತ್ಯಾನಿನ್’ ಎಂಬ ಹೆಸರು ಗಟ್ಟಿಯಾಯಿತು. ಪ್ಸ್ಕೊವ್ ನಗರದಲ್ಲಿ ಮಾತ್ರ ಸ್ಮೆರ್ದ್ ಇನ್ನೂ ಕಾನೂನಿನ ಪದವಾಗಿಯೇ ಉಳಿದಿತ್ತು. ಸ್ಮೆರ್ದ್‌ಗಳ ಕರ್ತವ್ಯಗಳ ಹೊಸ ಸನ್ನದಿನ ಜಗಳದಲ್ಲಿ 1484ರಲ್ಲಿ ಊರಿನವರು ಗವ್ರಿಲಾ ಎಂಬ ಮುಖ್ಯಾಧಿಕಾರಿಯನ್ನೇ ಕೊಂದರು. ವ್ಯಾಜ್ಯ ಮಾಸ್ಕೋದ ದೊರೆ ಮೂರನೇ ಇವಾನನವರೆಗೆ ಹೋಯಿತು.