ಡೋರ್ ಕಾರ್ಡ್: ಹಳೇ ಶೈಲಿಯ ಸ್ಪೋರ್ಟ್ಸ್ ಕಾರಿನ ಬಾಗಿಲ ಒಳಮೈ

ಕಾರಿನ ಬಾಗಿಲು ತೆಗೆದಾಗ ಒಳಗಡೆ ಕಾಣುವ, ರೆಕ್ಸಿನ್ನೋ ಚರ್ಮವೋ ಹೊದಿಸಿದ ಹಲಗೆಗೆ ಡೋರ್ ಕಾರ್ಡ್ ಅಂತ ಹೆಸರು. ಡೋರ್ ಪ್ಯಾಡ್, ಡೋರ್ ಪ್ಯಾನೆಲ್, ಡೋರ್ ಟ್ರಿಮ್ ಎಂದರೂ ಇದೇ. ‘ಕಾರ್ಡ್’ ಎನ್ನುವುದು ಬ್ರಿಟನ್ನಿನವರ ರೂಢಿ. ಹಳೇ ಕಾರುಗಳಲ್ಲಿ ಅದು ನಿಜಕ್ಕೂ ದಪ್ಪ ರಟ್ಟೇ ಆಗಿತ್ತು. ರಟ್ಟಿನ ಮೇಲೆ ತೆಳುವಾದ ಒಂದು ಮೆತ್ತೆ, ಅದರ ಮೇಲೆ ಹೊದಿಕೆ, ಅಷ್ಟೇ.

ಇದರ ಮೊದಲ ಕೆಲಸ ಮುಚ್ಚಿಡುವುದು. ಬಾಗಿಲ ಟೊಳ್ಳಿನಲ್ಲಿ ಗ್ಲಾಸ್ ಏರಿಳಿಸುವ ರೆಗ್ಯುಲೇಟರ್ ಇರುತ್ತದೆ, ಲಾಕ್‌ನಿಂದ ಹ್ಯಾಂಡಲ್‌ಗೆ ಹೋಗುವ ಕಂಬಿಗಳಿರುತ್ತವೆ, ಎಲ್ಲಕ್ಕೂ ಗ್ರೀಸ್ ಮೆತ್ತಿರುತ್ತದೆ. ಅದು ಅಂಗಿಗೆ ತಾಗಬಾರದು. ಜೊತೆಗೆ ಸದ್ದು ಕಡಿಮೆ ಮಾಡಬೇಕು, ಮೊಣಕೈಗೆ ಜಾಗ ಕೊಡಬೇಕು. ರಿಪೇರಿ ಬಂದಾಗ ಹರಿಯದೆ ಬಿಚ್ಚಿ ಬರಬೇಕು. ಈ ಕೊನೆಯದನ್ನು ಮರೆಯುವವರೇ ಜಾಸ್ತಿ.

ಹಳೇ ಶೈಲಿಯ ಸ್ಪೋರ್ಟ್ಸ್ ಕಾರನ್ನು ಹೊಸದಾಗಿ ಕಟ್ಟುವವರು, ಅದು ಕೋಬ್ರಾ ಕಾರಿನ ರೆಪ್ಲಿಕಾ (ತದ್ರೂಪು ನಕಲು) ಇರಲಿ, ಸ್ಪೀಡ್‌ಸ್ಟರ್ ಮಾದರಿ ಇರಲಿ, ಡೋರ್ ಕಾರ್ಡ್ ಮಾತು ಬಂದ ಕೂಡಲೇ ಬಣ್ಣ ಮತ್ತು ಹೊಲಿಗೆಯಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅವೆರಡೂ ಕೊನೆಗೆ ಬರಬೇಕಾದವು. ಮೊದಲು ಕೇಳಬೇಕಾದ್ದು ಒಂದೇ: ಈ ಬಾಗಿಲಲ್ಲಿ ಗ್ಲಾಸ್ ಕೆಳಗೆ ಇಳಿಯುತ್ತದೋ ಇಲ್ಲವೋ?

ಇಳಿಯದಿದ್ದರೆ ಆಟವೇ ಬೇರೆ. 1954ರ ಪೋರ್ಷೆ 356 ಸ್ಪೀಡ್‌ಸ್ಟರ್‌ನಲ್ಲಿ ಏರಿಳಿಸುವ ಗ್ಲಾಸ್ ಇರಲಿಲ್ಲ. ಮಳೆ ಬಂದರೆ ಪಾರದರ್ಶಕ ಹಾಳೆಯ ಸೈಡ್ ಕರ್ಟನ್‌ಗಳನ್ನು ಬಾಗಿಲ ಮೇಲೆ ಸಿಕ್ಕಿಸಿಕೊಳ್ಳಬೇಕಿತ್ತು. 1962ರಲ್ಲಿ ಬಂದ ಎಸಿ ಕೋಬ್ರಾದ್ದೂ ಇದೇ ಕಥೆ. 1955ರ ಎಂಜಿಎ ರೋಡ್‌ಸ್ಟರ್ ಇನ್ನೂ ಮಜವಾಗಿದೆ. ಅದರ ಬಾಗಿಲಿಗೆ ಹೊರಗಡೆ ಹ್ಯಾಂಡಲ್ಲೇ ಇಲ್ಲ. ಬಾಗಿಲ ಮೇಲಿಂದ ಕೈ ಇಳಿಬಿಟ್ಟು, ಒಳಗಿನ ಜೇಬಿನಲ್ಲಿರುವ ದಾರ ಎಳೆದರೆ ಬಾಗಿಲು ತೆರೆಯುತ್ತದೆ. ಗ್ಲಾಸ್ ಇಳಿಯದ ಬಾಗಿಲೊಳಗೆ ಜಾಗ ಖಾಲಿ ಇರುತ್ತದಲ್ವಾ, ಅದನ್ನೇ ಆಳದ ಜೇಬು ಮಾಡಿಬಿಟ್ಟರು. ನಿಮ್ಮ ಕಾರೂ ಈ ಜಾತಿಯದಾದರೆ ಉಬ್ಬಿದ ಆರ್ಮ್‌ರೆಸ್ಟ್, ಸ್ಪೀಕರ್ ಅಂತ ತಲೆ ಕೆಡಿಸಿಕೊಳ್ಳಬೇಡಿ. ಚಪ್ಪಟೆ ಹಲಗೆ, ಒಂದು ಜೇಬು, ಒಂದು ಎಳೆಯುವ ಪಟ್ಟಿ ಸಾಕು.

ಗ್ಲಾಸ್ ಇಳಿಯುವ ಕಾರಲ್ಲೂ ಚಪ್ಪಟೆ ಡೋರ್ ಕಾರ್ಡ್ ಬೇಕು ಅನ್ನುವವರಿಗೆ 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7 ಒಳ್ಳೇ ಮಾದರಿ. ಅದರ ಹಗುರ ಆವೃತ್ತಿಯಲ್ಲಿ ಆರ್ಮ್‌ರೆಸ್ಟ್ ಕಿತ್ತುಹಾಕಿ, ಲಾಕ್ ಬಿಡಿಸಲು ಒಂದು ಪಟ್ಟಿ ಕೊಟ್ಟರು. ತೂಕ ಇಳಿಸಲು ಮಾಡಿದ್ದು ಈಗ ಫ್ಯಾಶನ್ ಆಗಿದೆ. ಅದನ್ನು ನಕಲು ಮಾಡುವಾಗ ಒಂದು ಮಾತು ನೆನಪಿರಲಿ. ಬಾಗಿಲನ್ನು ಎಳೆದು ಮುಚ್ಚುವ ಪಟ್ಟಿಯ ಬೋಲ್ಟ್ ಹಲಗೆಯನ್ನು ದಾಟಿ ಬಾಗಿಲ ತಗಡಿಗೇ ಕೂರಬೇಕು. ಬರೀ ಹಲಗೆಗೆ ಕಟ್ಟಿದರೆ, ಜೋರಾಗಿ ಎಳೆದ ದಿನ ಹಲಗೆಯೇ ಕೈಗೆ ಬರುತ್ತದೆ.

ಇನ್ನು ಹಲಗೆಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಡೋರ್ ಕಾರ್ಡ್ ಹಾಳಾಗುವುದು ಮುಂದಿನಿಂದಲ್ಲ, ಬೆನ್ನಿನಿಂದ. ಹಳೇ ಕಾರಿನ ಕಾರ್ಡ್ ಒಂದನ್ನು ಬಿಚ್ಚಿ ತಿರುವಿ ನೋಡಿ. ಕೆಳಗಿನ ಅಂಚಿನಲ್ಲಿ ಕಂದು ಕಲೆ ಅಲೆಅಲೆಯಾಗಿ ಮೇಲೇರಿರುತ್ತದೆ. ರಟ್ಟು ಊದಿ ಪದರ ಪದರ ಬಿಟ್ಟಿರುತ್ತದೆ. ಕ್ಲಿಪ್ ಕೂರುವ ತೂತು ಹಿಗ್ಗಿ, ಬೆರಳು ತಾಗಿದರೆ ಪುಡಿ ಉದುರುತ್ತದೆ. ಮೇಲ್ಗಡೆ ಹೊದಿಕೆ ಮಾತ್ರ ಇನ್ನೂ ಚೆನ್ನಾಗಿಯೇ ಇರುತ್ತದೆ!

ನೀರು ಎಲ್ಲಿಂದ ಬಂತು? ಗ್ಲಾಸಿನ ಮೇಲೆ ಹರಿದ ಮಳೆನೀರು ಅದರ ಜೊತೆಗೇ ಬಾಗಿಲೊಳಕ್ಕೆ ಇಳಿಯುತ್ತದೆ. ಕಿಟಕಿ ಅಂಚಿನ ರಬ್ಬರ್ ಅಷ್ಟನ್ನೂ ತಡೆಯುವುದಿಲ್ಲ, ತಡೆಯಲಿ ಅಂತ ಯಾರೂ ಲೆಕ್ಕ ಹಾಕಿಯೂ ಇಲ್ಲ. ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುವುದು ಆ ನೀರು ಹೊರಗೆ ಹೋಗಲಿ ಅಂತಲೇ. ಒಳತಗಡಿನ ಕಿಂಡಿಗಳಿಂದ ಸಿಡಿಯುವ ನೀರು ಹಲಗೆಗೆ ತಾಗದಂತೆ ಮಧ್ಯೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹಾಳೆಯ ಕೆಳ ಅಂಚನ್ನು ತಗಡಿನ ಕಿಂಡಿಯೊಳಗೆ ತೂರಿಸಿರಬೇಕು, ಆಗಲೇ ಇಳಿದ ನೀರು ಮತ್ತೆ ಬಾಗಿಲೊಳಗೇ ಬೀಳುತ್ತದೆ. ರಿಪೇರಿ ಮಾಡುವಾಗ ಈ ಹಾಳೆಯನ್ನು ಹರಿದು ಎಸೆದುಬಿಡುವುದು ಬಹಳ ಕಡೆ ನಡೆಯುತ್ತದೆ. ಆಮೇಲೆ ಎಷ್ಟು ದುಬಾರಿ ಚರ್ಮ ಹಾಕಿದರೂ ಹಲಗೆ ಬಾಗುತ್ತದೆ. ಹೊಸ ಕಾರ್ಡ್ ಕೂರಿಸುವ ಮೊದಲು ಒಂದು ಮಗ್ ನೀರನ್ನು ಗ್ಲಾಸಿನ ಮೇಲೆ ನಿಧಾನವಾಗಿ ಸುರಿದು, ತಳದ ತೂತುಗಳಿಂದ ಹೊರಗೆ ಬರುತ್ತದಾ ಅಂತ ನೋಡಿಕೊಳ್ಳಿ.

ಹಲಗೆಗೆ ಏನು ಬಳಸಬೇಕು? 3 ಮಿಲಿಮೀಟರ್ ಹಾರ್ಡ್‌ಬೋರ್ಡ್ ಅಗ್ಗ, ಕತ್ತರಿಸುವುದು ಸಲೀಸು, ಆದರೆ ನೀರು ಕಂಡರೆ ಆಗದು. ಬಳಸಲೇಬೇಕಾದರೆ ಬೆನ್ನಿಗೂ ಅಂಚುಗಳಿಗೂ, ಮುಖ್ಯವಾಗಿ ಕೊರೆದ ತೂತುಗಳ ಒಳಮೈಗೂ ವಾರ್ನಿಶ್ ಹಚ್ಚಬೇಕು. ನೀರು ತಡೆಯುವ ತೆಳು ಪ್ಲೈವುಡ್ ಇದಕ್ಕಿಂತ ಮೇಲು. ಎಬಿಎಸ್ ಪ್ಲಾಸ್ಟಿಕ್ ಹಾಳೆ ನೀರಿಗೆ ಜಗ್ಗುವುದಿಲ್ಲ, ಬಿಸಿ ಮಾಡಿ ಸ್ವಲ್ಪ ಬಾಗಿಸಲೂಬಹುದು. ಅಲ್ಯೂಮಿನಿಯಂ ತಗಡು ರೇಸ್ ಕಾರಿನ ನೋಟಕ್ಕೆ ಸರಿ, ಆದರೆ ಹಿಂದೆ ಸದ್ದು ತಡೆಯುವ ಶೀಟ್ ಅಂಟಿಸದಿದ್ದರೆ ದಾರಿಯುದ್ದಕ್ಕೂ ಗಡಗಡ ಅನ್ನುತ್ತದೆ. ಮೇಲೆ ಮುಚ್ಚುವ ಟಾಪ್ ಇಲ್ಲದ ಕಾರಾದರೆ ನಾನು ರಟ್ಟಿನ ಹತ್ತಿರಕ್ಕೂ ಹೋಗುವುದಿಲ್ಲ.

ದಪ್ಪದ ಲೆಕ್ಕ ಬಹಳ ಜನಕ್ಕೆ ಕೈಕೊಡುತ್ತದೆ. 3 ಮಿಲಿಮೀಟರ್ ಹಲಗೆ, ಮೇಲೆ 6 ಮಿಲಿಮೀಟರ್ ಫೋಮ್, ಅದರ ಮೇಲೆ ಚರ್ಮ ಅಂದರೆ ಒಟ್ಟು 10 ಮಿಲಿಮೀಟರ್ ಆಯಿತು. ಮೊದಲಿದ್ದದ್ದು ಅದರ ಅರ್ಧ ಆಗಿದ್ದರೆ, ಗ್ಲಾಸ್ ಏರಿಳಿಸಲು ತಿರುಗಿಸುವ ವೈಂಡರ್ ಹ್ಯಾಂಡಲ್ ಕೂರುವ ಹಲ್ಲಿನ ಕಡ್ಡಿ ಹಲಗೆಯೊಳಗೇ ಮುಳುಗಿಹೋಗುತ್ತದೆ. ಹ್ಯಾಂಡಲ್ ತುದಿಯಲ್ಲಷ್ಟೇ ಕಚ್ಚಿಕೊಂಡು ತಿರುಗುತ್ತದೆ, ಸ್ವಲ್ಪ ದಿನಕ್ಕೆ ಹಲ್ಲು ಸವೆಯುತ್ತದೆ. ಇಕ್ಕಟ್ಟಿನ ಕಾರಲ್ಲಿ ಸೀಟಿನ ಪಕ್ಕೆಗೂ ಬಾಗಿಲಿಗೂ ಒರಸಾಟ ಶುರುವಾಗುತ್ತದೆ. ಅದಕ್ಕೇ ಮೊದಲು ಸಾಮಾನ್ಯ ಕಾರ್ಟನ್ ರಟ್ಟಿನಲ್ಲಿ ಅಳತೆ ಕತ್ತರಿಸಿ, ಫೋಮ್ ಸಮೇತ ಟೇಪ್ ಹಾಕಿ, ಬಾಗಿಲು ಮುಚ್ಚಿ, ಸೀಟಲ್ಲಿ ಕೂತು, ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಬೇಕು. ಸ್ಪೀಕರ್ ಇಡುವುದಾದರೆ ಗ್ಲಾಸ್ ಪೂರ್ತಿ ಇಳಿಸಿಯೇ ಅಳತೆ ತೆಗೆಯಿರಿ, ಇಲ್ಲದಿದ್ದರೆ ಮ್ಯಾಗ್ನೆಟ್ ಗ್ಲಾಸಿಗೆ ತಾಗುತ್ತದೆ. ಬಾಗಿಲೊಳಗೆ ಏರ್‌ಬ್ಯಾಗ್‌ನ ಒತ್ತಡದ ಸೆನ್ಸರ್ ಇರುವ ಹೊಸ ಕಾರಿನ ಮೇಲೆ ಕಟ್ಟುತ್ತಿದ್ದರೆ ಹೊಸ ತೂತು ಕೊರೆಯಲೇಬೇಡಿ.

ಈಗ ಹೊದಿಕೆ. ತೆರೆದ ಕಾರಿಗೆ ಒಳ್ಳೇ ವಿನೈಲ್ ಸಾಕು. ಬಿಸಿಲು ಮಳೆಗೆ ಚರ್ಮಕ್ಕಿಂತ ಅದೇ ಗಟ್ಟಿ, ಹಳೇ ಸ್ಪೋರ್ಟ್ಸ್ ಕಾರುಗಳಲ್ಲೂ ಅದು ಧಾರಾಳವಾಗಿ ಇತ್ತು. ಆಲ್ಕಾಂಟರಾ ಅನ್ನುವ, ಸ್ವೀಡ್ ಚರ್ಮದಂತಿರುವ ಕೃತಕ ಬಟ್ಟೆ ಮುಟ್ಟಲು ಚೆಂದ, ಆದರೆ ಅದು ಹುಟ್ಟಿದ್ದೇ 1970ರಲ್ಲಿ, ಜಪಾನಿನ ಟೋರೇ ಕಂಪನಿಯಲ್ಲಿ. 1950ರ ದಶಕದ ನೋಟ ಬೇಕೆಂದು ಹಟ ಹಿಡಿದವರು ಇದನ್ನು ಹಾಕಿಸುವುದು ನನಗೆ ಯಾಕೋ ಒಗ್ಗುವುದಿಲ್ಲ. ಡೈಮಂಡ್ ಹೊಲಿಗೆಯನ್ನು ಬಾಗಿಲ ತುಂಬ ಹಾಕಿಸಿದರೆ ಕಾರು ಸೋಫಾ ಥರ ಕಾಣುತ್ತದೆ. ಉದ್ದುದ್ದ ಗೆರೆಗಳ ಪ್ಲೀಟ್, ಅಂಚಿಗೊಂದು ಬೀಡಿಂಗ್, ಕಾಲು ಒದೆಯುವ ಕೆಳಭಾಗಕ್ಕೆ ಕಾರ್ಪೆಟ್ ಪಟ್ಟಿ, ಇಷ್ಟಿದ್ದರೆ ಹಳೇ ಕಳೆ ತಾನಾಗಿ ಬರುತ್ತದೆ. ಯಾವುದನ್ನು ಆರಿಸಿದರೂ ಕಾರಿಗೆಂದೇ ತಯಾರಾದ ಬಟ್ಟೆ ಮತ್ತು ಫೋಮ್ ಕೇಳಿ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 302 ನಿಯಮದ ಪ್ರಕಾರ ಕಾರಿನ ಒಳಗಿನ ಸಾಮಗ್ರಿಯಲ್ಲಿ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಹಬ್ಬಬಾರದು. ಮನೆಯ ಪೀಠೋಪಕರಣದ ಬಟ್ಟೆಯನ್ನು ಈ ಲೆಕ್ಕದಲ್ಲಿ ಪರೀಕ್ಷೆ ಮಾಡಿರುವುದಿಲ್ಲ. ಅಂಟೂ ಬಿಸಿ ತಡೆಯುವಂಥದ್ದೇ ಆಗಬೇಕು.

ಕೂರಿಸಲು ಎರಡು ದಾರಿ. ಕಾಣದಂತೆ ಕ್ಲಿಪ್, ಇಲ್ಲವೇ ಕಾಣುವಂತೆ ಕಪ್ ವಾಷರ್ (ಸ್ಕ್ರೂ ತಲೆ ಕೂರುವ ಬಟ್ಟಲಿನಂಥ ಬಿಲ್ಲೆ) ಇಟ್ಟ ಸ್ಕ್ರೂ. ಫೈಬರ್‌ಗ್ಲಾಸ್ ಬಾಗಿಲಲ್ಲಿ ಕ್ಲಿಪ್‌ಗೆ ಬೇಕಾದ ತೂತುಗಳೇ ಇರುವುದಿಲ್ಲ, ಸ್ಕ್ರೂ ಹಾಕುವುದೇ ಲೇಸು. ಹಳೇ ಕಾರಿಗೆ ಸ್ಕ್ರೂ ಕಂಡರೂ ಲಕ್ಷಣವೇ. ಎರಡೂ ಬಾಗಿಲಿನ ಸ್ಕ್ರೂಗಳು ಒಂದೇ ಎತ್ತರದಲ್ಲಿ ಬರಲಿ ಅಂತ ಒಂದೇ ಅಳತೆ ರಟ್ಟನ್ನು ಮಗುಚಿ ಎರಡೂ ಕಡೆಗೆ ಬಳಸುತ್ತಾರೆ. ಕೈಯಲ್ಲಿ ಕಟ್ಟಿದ ಬಾಡಿಯಲ್ಲಿ ಎಡ ಬಲ ಬಾಗಿಲು ಕೂದಲೆಳೆಯಷ್ಟಾದರೂ ಬೇರೆ ಇರುತ್ತವೆ, ಹಾಗಾಗಿ ಅಂಚನ್ನು ಮಾತ್ರ ಆಯಾ ಬಾಗಿಲಿಗೇ ಇಟ್ಟು ಗೆರೆ ಎಳೆದು ಕತ್ತರಿಸಬೇಕು.