ಬ್ಯಾರಲ್ ಮೇಲಿನ ತಾರೀಖು ನಂಬಬೇಡಿ

“ಅಣ್ಣಾ, ಅತ್ತೆ ಮನೆ ಅಟ್ಟದಲ್ಲಿ ಒಂದು ಕೋವಿ ಸಿಕ್ಕಿದೆ. ಬ್ಯಾರಲ್ ಮೇಲೆ 1894 ಅಂತ ಕೆತ್ತಿದೆ. ಆಗಿನದ್ದೇ ಅಲ್ವಾ?”

ಫೋನ್ ಮಾಡಿದ್ದು ಅಮೆರಿಕದ ಹುಡುಗನನ್ನು ಮದುವೆಯಾದ ನಮ್ಮ ಕೊಡಗಿನ ಹುಡುಗಿ. ಇಲ್ಲಿ ಅಮೆರಿಕದಲ್ಲಿ ಹಳೇ ಕೋವಿಗಳ ರಿಪೇರಿ ಮಾಡುವುದು, ಬೆಲೆ ಕಟ್ಟುವುದು ನನ್ನ ಕಸುಬು.

ಖಾಲಿ ಇದೆಯಾ ಅಂತ ಮೊದಲು ಕೇಳಿದೆ. ಹಿಡಿಯ ಕೆಳಗಿನ ಲಿವರ್ ಎಳೆದು ತೋಟಾ ಒಳಗೆ ತಳ್ಳುವ ಹೆಚ್ಚಿನ ಹಳೇ ಕೋವಿಗಳಲ್ಲಿ ತೋಟಾಗಳು ಬ್ಯಾರಲ್ ಕೆಳಗಿನ ಕೊಳವೆಯೊಳಗೆ ಸಾಲಾಗಿ ಕೂತಿರುತ್ತವೆ. ಹೊರಗಿಂದ ಏನೂ ಕಾಣುವುದಿಲ್ಲ. ಬಳಸಿ ಗೊತ್ತಿಲ್ಲದವರು ಸುಮ್ನೆ ಲಿವರ್ ಎಳೆದು ನೋಡಬಾರದು. ಬಲ್ಲವರ ಕೈಲಿ ಖಾಲಿ ಮಾಡಿಸಿ ತಾ ಅಂದೆ.

ಎರಡು ದಿನ ಬಿಟ್ಟು ತಂದಳು. ಕಂಬಳಿ ಬಿಚ್ಚಿದರೆ ವಿಂಚೆಸ್ಟರ್ 94. ಜಾನ್ ಬ್ರೌನಿಂಗ್ ರೂಪಿಸಿದ್ದು, ಕನೆಕ್ಟಿಕಟ್‌ನ ನ್ಯೂಹೇವನ್‌ನಲ್ಲಿ 2006ರವರೆಗೂ ತಯಾರಾಗಿದ್ದು. ಜಿಂಕೆ ಬೇಟೆಯವರ ಮನೆಮನೆಯಲ್ಲೂ ಇದ್ದ ಕೋವಿ.

ಅವಳು ಓದಿದ್ದು ಪೇಟೆಂಟ್ ತಾರೀಖು: 1894ರ ಆಗಸ್ಟ್ 21. ಆ ಸಾಲನ್ನು ಕಂಪನಿ ಎಷ್ಟೋ ವರ್ಷ ಹಾಗೇ ಒತ್ತುತ್ತಿತ್ತು. ಅದರ ಹತ್ತಿರವೇ ‘30 ಡಬ್ಲ್ಯೂ.ಸಿ.ಎಫ್.’ ಎಂದೂ ಇತ್ತು. ಅಂದರೆ ಈಗಿನ 30-30 ತೋಟಾ. ಅದು ಬಂದದ್ದೇ 1895ರಲ್ಲಿ. 1894ರಲ್ಲಿ ಈ ಕೋವಿಗೆ ಇದ್ದದ್ದು 32-40 ಮತ್ತು 38-55 ತೋಟಾ ಮಾತ್ರ. ಭೂತಗನ್ನಡಿ ಹಿಡಿದು ನೋಡಿದರೆ ಬ್ಯಾರಲ್ ಬುಡದಲ್ಲಿ ಮೊಟ್ಟೆಯಾಕಾರದೊಳಗೆ ‘ಡಬ್ಲ್ಯೂ.ಪಿ.’ ಮುದ್ರೆ, ಅಂದರೆ ಕಂಪನಿ ಪರೀಕ್ಷಿಸಿದ ಗುರುತು. ಅದು 1905ರಿಂದ ಈಚೆಗಿನದು. ಅಲ್ಲಿಗೆ ಹನ್ನೊಂದು ವರ್ಷ ಹೋಯಿತು!

ಇನ್ನು ಸೀರಿಯಲ್ ನಂಬರ್. ಕೋವಿ ಮಗುಚಿ, ಲಿವರ್‌ಗಿಂತ ಮುಂದೆ ಉಕ್ಕಿನ ಚೌಕಟ್ಟಿನ ತಳದಲ್ಲಿ ನೋಡಬೇಕು. ಕೊಳೆ ಒರೆಸಿದಾಗ ಎಂಟು ಲಕ್ಷದ ಇಪ್ಪತ್ತು ಸಾವಿರ ಚಿಲ್ಲರೆ ಅಂತ ಕಂಡಿತು. ಮೊದಲ ಮಹಾಯುದ್ಧದ ಹೊತ್ತಿನದು. ಎಡಗಡೆ ಕುದುರೆ ಜೀನಿಗೆ ಕಟ್ಟುವ ಬಳೆಯೂ ಇತ್ತು, ಆ ಕಾಲಕ್ಕೆ ಸರಿಹೊಂದುತ್ತದೆ.

ನಂಬರ್‌ನಿಂದ ವರ್ಷ ಹೇಳುವ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೆಚ್ಚಿನ ಕೋವಿಗಳಿಗೆ ಅದೇನೂ ದೊಡ್ಡ ವಿಷಯ ಅಲ್ಲ. ಆದರೆ 1898ರ ಅಂಚಿನಲ್ಲಿ ಇದ್ದರೆ ತಲೆನೋವು. ಆ ವರ್ಷ ಅಥವಾ ಅದಕ್ಕೂ ಮೊದಲು ಮಾಡಿದ್ದನ್ನು ಅಮೆರಿಕದ ಕಾನೂನು ಪುರಾತನ ವಸ್ತು ಅಂತ ನೋಡುತ್ತದೆ. ಅಷ್ಟು ಹಳೆಯ ನಂಬರ್ ಆದರೆ ವಯೋಮಿಂಗ್‌ನ ಕೋಡಿ ಊರಿನ ಮ್ಯೂಸಿಯಂನಲ್ಲಿ ಕಂಪನಿಯ ದಾಖಲೆ ಸಿಗುತ್ತದೆ. ನಂಬರ್ ಇಪ್ಪತ್ತೇಳು ಲಕ್ಷ ದಾಟಿದ್ದರೆ 1964ರಿಂದ ಈಚಿನ ಅಗ್ಗದ ಕೆಲಸ. ಸಂಗ್ರಹಕಾರರು ತಿರುಗಿಯೂ ನೋಡುವುದಿಲ್ಲ.

ಕೈಲ್ ಮುಹೂರ್ತಕ್ಕೆ ಕೋವಿ ತಿಕ್ಕಿ ಹೊಳಪಿಸಿ, ಹೂವಿಟ್ಟು ಪೂಜೆ ಮಾಡಿ ಬೆಳೆದವರು ನಾವು. ಇಲ್ಲಿ ಅದೇ ತಪ್ಪು. ಉಕ್ಕಿನ ನೀಲಿ ಬಣ್ಣ ಮಾಸಿ ಕಂದು ಬಣ್ಣವಾಗಿದ್ದರೆ ಹಾಗೇ ಇರಬೇಕು. ತಿಕ್ಕಿದರೆ ಬೆಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. “ಎಣ್ಣೆ ಬಟ್ಟೆಯಲ್ಲಿ ಒರೆಸು, ಅಷ್ಟು ಸಾಕು” ಅಂದೆ.

ಅವಳು ಮಾತಾಡಲಿಲ್ಲ. ಕಂಬಳಿ ಬಿಚ್ಚಿದಾಗಿಂದ ಏನೋ ಘಾಟು ಬರುತ್ತಿತ್ತು.

“ಮರಕ್ಕೆ ನಮ್ಮನೆಯವರು ನಿನ್ನೆ ವಾರ್ನಿಶ್ ಹೊಡೆದುಬಿಟ್ರು, ಅಣ್ಣಾ.”