ಐದು ಸಾವಿರಕ್ಕೊಮ್ಮೆ ಅಲೈನ್‌ಮೆಂಟ್ ಮಾಡಿಸಿದರೂ ಟೈರ್ ಒಳಗಡೆಯೇ ಏಕೆ ಸವೆಯುತ್ತದೆ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರು. ಓಡಾಟ ಹೆಚ್ಚಾಗಿ ಮೈಸೂರಿನ ಒಳಗೇ, ತಿಂಗಳಿಗೊಂದು ಸಲ ಮಡಿಕೇರಿ. 5,000 ಕಿ.ಮೀ.ಗೊಮ್ಮೆ ತಪ್ಪದೆ ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸುತ್ತೇನೆ. ಆದರೂ ಮುಂದಿನ ಎರಡು ಟೈರ್‌ಗಳು 18,000 ಕಿ.ಮೀ.ಗೇ ಒಳಮಗ್ಗುಲಲ್ಲಿ ಬೋಳಾಗಿವೆ. ಹೊರಗಡೆ ಮಾತ್ರ ಗ್ರಿಪ್ ಚೆನ್ನಾಗಿಯೇ ಇದೆ. ಇದು ಟೈರ್ ಕಂಪನಿಯ ತಪ್ಪೋ, ಅಲೈನ್‌ಮೆಂಟ್ ಅಂಗಡಿಯವರದೋ?

ಉತ್ತರ: ಟೈರ್ ಕಂಪನಿಯನ್ನು ಬಿಟ್ಟುಬಿಡಿ. ರಬ್ಬರ್ ಕಳಪೆಯಾಗಿದ್ದರೆ ಟೈರ್ ಅಗಲಕ್ಕೂ ಬೇಗ ಸವೆಯುತ್ತಿತ್ತು, ಒಳಗಡೆ ಮಾತ್ರ ಅಲ್ಲ. ಅಂಗಡಿಯವರ ವಿಷಯಕ್ಕೆ ಆಮೇಲೆ ಬರೋಣ. ಅದಕ್ಕೂ ಮೊದಲು ಒಂದು ಮಾತು: ಅಲೈನ್‌ಮೆಂಟ್ ಮಷಿನ್ ಚಕ್ರಗಳ ಓರೆಯನ್ನು ಅಳೆಯುವುದು ಕಾರು ನಿಂತಿರುವಾಗ. ನಿಮ್ಮ ಟೈರ್ ಸವೆಯುವುದು ಓಡುವಾಗ, ಬ್ರೇಕ್ ಒತ್ತುವಾಗ, ಗುಂಡಿಗೆ ಬೀಳುವಾಗ. ಇವೆರಡರ ನಡುವೆ ಎಲ್ಲಾದರೂ ಒಂದು ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು) ಸಡಿಲವಾಗಿದ್ದರೆ ಪರದೆಯ ಮೇಲೆ ‘ಸರಿಯಿದೆ’ ಎನ್ನುವ ಹಸಿರು ಅಂಕಿಗಳನ್ನು ನಂಬಿ ಪ್ರಯೋಜನವಿಲ್ಲ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ನನ್ನ ಹಳೆಯ ಕಾರಿಗೆ ಮುಂದೆ ಎರಡು ಹೊಸ ಟೈರ್ ಹಾಕಿಸಿ, ಅಲ್ಲೇ ಅಲೈನ್‌ಮೆಂಟನ್ನೂ ಮಾಡಿಸಿದ್ದೆ. ಸ್ಟಿಯರಿಂಗ್ ನೆಟ್ಟಗಿತ್ತು, ಗಾಡಿ ಎಲ್ಲೂ ಎಳೆಯುತ್ತಿರಲಿಲ್ಲ, ಪ್ರಿಂಟ್‌ನಲ್ಲಿ ಎಲ್ಲವೂ ಹಸಿರು. 12,000 ಕಿ.ಮೀ. ಆದಾಗ ಪಂಕ್ಚರ್ ಹಾಕಿಸಲು ಚಕ್ರ ಬಿಚ್ಚಿಸಿದೆ. ಅಂಗಡಿಯ ಹುಡುಗ ಟೈರನ್ನು ನನ್ನ ಕಡೆ ತಿರುಗಿಸಿ, ‘ಸಾರ್, ಒಳಗಡೆ ಪೂರ್ತಿ ತಿಂದುಬಿಟ್ಟಿದೆ ನೋಡಿ’ ಅಂದ. ಒಳಅಂಚಿನಲ್ಲಿ ಬೆರಳಗಲ ಜಾಗ ಸ್ಲೇಟಿನ ಹಾಗೆ ನುಣ್ಣಗಾಗಿತ್ತು. ಕಾರಣ, ಚಕ್ರವನ್ನು ಕೆಳಗಡೆ ಕಾರಿನ ಚೌಕಟ್ಟಿಗೆ ಹಿಡಿದಿಡುವ ಲೋಯರ್ ಆರ್ಮ್‌ನ ಹಿಂದಿನ ಬುಷ್. ರಬ್ಬರ್ ಹರಿದು ಕಬ್ಬಿಣದಿಂದ ಬಿಟ್ಟುಕೊಂಡಿತ್ತು. ಕಾರು ನಿಂತಾಗ ಆರ್ಮ್ ತನ್ನ ಜಾಗದಲ್ಲೇ ಕೂರುತ್ತಿತ್ತು. ಬ್ರೇಕ್ ಒತ್ತಿದರೆ ಹಿಂದಕ್ಕೆ ಸರಿದು ಚಕ್ರದ ಮುಖವನ್ನೇ ತಿರುಗಿಸುತ್ತಿತ್ತು. ಬುಷ್‌ಗೆ ಹೋಗಬೇಕಾದ ಖರ್ಚನ್ನು ಟೈರ್‌ಗಳಿಗೆ ಸುರಿದಿದ್ದೆ.

ನಿಮ್ಮದೂ ಅದೇ ಎಂದು ಇಲ್ಲಿ ಕೂತು ಹೇಳಲು ಬರುವುದಿಲ್ಲ. ಟೈರನ್ನೇ ಕೇಳಬೇಕು. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಇಳಿಯಿರಿ, ಚಕ್ರದ ಪಕ್ಕ ಕೂತು ಮೊಬೈಲ್ ಟಾರ್ಚ್ ಬಿಡಿ. ನೇರ ನಿಂತ ಚಕ್ರದಲ್ಲಿ ಒಳಮಗ್ಗುಲು ಕಾಣುವುದೇ ಇಲ್ಲ. ಎಷ್ಟೋ ಜನರಿಗೆ ತಂತಿ ಹೊರಗೆ ಬಂದ ಮೇಲೆ ಗೊತ್ತಾಗುವುದು ಇದೇ ಕಾರಣಕ್ಕೆ. ಆಮೇಲೆ ಅಂಗೈಯನ್ನು ಟ್ರೆಡ್ (ನೆಲಕ್ಕೆ ತಾಗುವ ಮೈ) ಮೇಲೆ ಅಡ್ಡಲಾಗಿ, ಒಳಗಿನಿಂದ ಹೊರಗೆ ಒಂದು ಸಲ, ಹೊರಗಿನಿಂದ ಒಳಗೆ ಒಂದು ಸಲ ಸವರಿ. ಒಂದು ದಿಕ್ಕಿನಲ್ಲಿ ನುಣ್ಣಗೆ ಜಾರಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಟೈರ್ ಅಡ್ಡಡ್ಡ ಉಜ್ಜಿಕೊಂಡು ಓಡುತ್ತಿದೆ, ಅಂದರೆ ಟೋ (ಚಕ್ರ ಮುಖ ಮಾಡಿದ ದಿಕ್ಕು) ಕೆಟ್ಟಿದೆ. ಎರಡೂ ಕಡೆಗೆ ನುಣ್ಣಗೇ ಇದ್ದು ಒಂದು ಅಂಚು ಮಾತ್ರ ಇಳಿಜಾರಾಗಿ ಸವೆದಿದ್ದರೆ ಅನುಮಾನ ಕ್ಯಾಂಬರ್ (ಚಕ್ರದ ವಾಲು) ಮೇಲೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ತಟ್ಟೆಯಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿರಬೇಕು, ಇಲ್ಲವೇ ಬ್ಯಾಲೆನ್ಸಿಂಗ್ ತಪ್ಪಿರಬೇಕು.

ಟೋ ಅಂದರೇನು ಎನ್ನುವವರು ಎದ್ದು ನಿಂತು ತಮ್ಮ ಪಾದ ನೋಡಿಕೊಳ್ಳಲಿ. ಬೆರಳುಗಳು ಒಂದಕ್ಕೊಂದು ಎದುರಾಗಿ ಒಳಮುಖವಾಗಿದ್ದರೆ ಟೋ-ಇನ್, ಹೊರಗೆ ಚಾಚಿದ್ದರೆ ಟೋ-ಔಟ್. ಚಕ್ರಗಳೂ ಮೇಲಿನಿಂದ ನೋಡಿದರೆ ಹೀಗೆಯೇ. ಟೋ-ಔಟ್ ಜಾಸ್ತಿಯಾದರೆ ಎರಡೂ ಟೈರ್‌ಗಳ ಒಳಅಂಚು ಹೋಗುತ್ತದೆ, ಟೋ-ಇನ್ ಜಾಸ್ತಿಯಾದರೆ ಹೊರಅಂಚು. ಕಣ್ಣಿಗೆ ಕಾಣದಷ್ಟು ಓರೆ ಸಾಕು. ಒಂದು ಚಕ್ರ ನೇರದಿಂದ 0.15 ಡಿಗ್ರಿ ತಪ್ಪಿದೆ ಎನ್ನಿ, ಅಂದರೆ ಒಂದು ಡಿಗ್ರಿಯ ಏಳನೇ ಒಂದು ಭಾಗದಷ್ಟು. ಲೆಕ್ಕ ಹಾಕಿದರೆ ಆ ಟೈರ್ ಪ್ರತಿ ಕಿಲೋಮೀಟರ್‌ಗೆ ಸುಮಾರು 2.6 ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. 10,000 ಕಿ.ಮೀ.ಗೆ ಅದು 26 ಕಿಲೋಮೀಟರ್. ಹೆಚ್ಚುಕಡಿಮೆ ಮೈಸೂರಿನಿಂದ ನಂಜನಗೂಡಿನವರೆಗೆ ಟೈರನ್ನು ಅಡ್ಡಲಾಗಿ ಎಳೆದುಕೊಂಡು ಹೋದಂತೆ. ರಬ್ಬರ್ ಉಳಿಯುವುದಾದರೂ ಹೇಗೆ?

ಕ್ಯಾಂಬರ್ ಎಂದರೆ ಕಾರಿನ ಎದುರು ನಿಂತು ನೋಡಿದಾಗ ಚಕ್ರದ ತಲೆ ಒಳಗೆ ವಾಲಿದೆಯೋ ಹೊರಗೋ ಎನ್ನುವುದು. ಚಪ್ಪಲಿಯ ಹಿಮ್ಮಡಿ ಒಂದೇ ಮಗ್ಗುಲಲ್ಲಿ ಸವೆಯುವವರನ್ನು ನೀವು ನೋಡಿರುತ್ತೀರಿ, ಅದೇ ಕಥೆ. ಮೂರನೆಯದು ಕ್ಯಾಸ್ಟರ್. ಅದು ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಕ್ಕೆ ಸಂಬಂಧಿಸಿದ್ದು, ಟೈರ್ ಸವೆತದಲ್ಲಿ ಅದರ ಪಾತ್ರ ಕಡಿಮೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ‘ಎರಡು ಟೈರ್‌ಗಳು’ ಎಂಬ ಮಾತು. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಒಂದು ಕಡೆ ಮಾತ್ರ ಬಗ್ಗಿದ್ದರೂ ಟೋದ ತಪ್ಪು ಎರಡೂ ಚಕ್ರಗಳಿಗೆ ಹಂಚಿಹೋಗುತ್ತದೆ, ಏಕೆಂದರೆ ನೇರ ಓಡುವಾಗ ಎರಡೂ ಟೈರ್‌ಗಳ ಎಳೆತ ಸಮನಾಗುವ ಜಾಗಕ್ಕೆ ಸ್ಟಿಯರಿಂಗ್ ತಾನೇ ಬಂದು ನಿಲ್ಲುತ್ತದೆ. ಕ್ಯಾಂಬರ್ ಹಾಗಲ್ಲ, ಯಾವ ಕಡೆ ಕೆಟ್ಟಿದೆಯೋ ಆ ಕಡೆಯ ಟೈರನ್ನೇ ತಿನ್ನುತ್ತದೆ. ಎರಡೂ ಸರಿಸುಮಾರು ಒಂದೇ ಸಮ ಸವೆದಿದ್ದರೆ ನಾನು ಮೊದಲು ಟೋವನ್ನೇ ಹಿಡಿಯುತ್ತೇನೆ.

ಮೈಸೂರಿನ ಸರ್ಕಲ್‌ಗಳನ್ನೂ ಮಡಿಕೇರಿಯ ತಿರುವುಗಳನ್ನೂ ದೂರುವಂತಿಲ್ಲ. ಹಾರ್ಡಿಂಜ್ ಸರ್ಕಲನ್ನೋ ಕೆ.ಆರ್. ಸರ್ಕಲನ್ನೋ ಜೋರಾಗಿ ಸುತ್ತಿದರೆ ಕಾರು ಬಲಕ್ಕೆ ತಿರುಗುತ್ತದೆ, ಭಾರ ಎಡಗಡೆಯ ಚಕ್ರದ ಮೇಲೆ ಬೀಳುತ್ತದೆ, ಸವೆಯುವುದು ಅದರ ಹೊರಅಂಚು. ಘಾಟಿಯಲ್ಲಿ ವೇಗವಾಗಿ ತಿರುವು ತೆಗೆದುಕೊಳ್ಳುವವರಿಗೂ ಹೋಗುವುದು ಹೊರಗಿನ ಅಂಚೇ. ನಿಮ್ಮದು ಒಳಗಡೆ. ಗುಂಡಿ, ಹಂಪ್‌ಗಳ ಪಾತ್ರ ಇದ್ದೇ ಇದೆ, ಆದರೆ ಅವು ನೇರವಾಗಿ ಟೈರನ್ನು ತಿನ್ನುವುದಿಲ್ಲ, ಕೆಳಗಿನ ಸಾಮಾನು ಬಗ್ಗಿಸಿ, ಸಡಿಲಿಸಿ ಆ ದಾರಿಯಲ್ಲಿ ತಿನ್ನುತ್ತವೆ.

ಈಗ ಅಂಗಡಿಗೆ ಬರೋಣ. ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿ ನಾಲ್ಕೂ ಚಕ್ರಕ್ಕೆ ಕ್ಲ್ಯಾಂಪ್ ಕಚ್ಚಿಸುತ್ತಾರೆ. ಕಾರನ್ನು ತುಸು ಹಿಂದೆ ಮುಂದೆ ಉರುಳಿಸಿ, ಸ್ಟಿಯರಿಂಗ್ ನೇರಕ್ಕೆ ನಿಲ್ಲಿಸಿ ಕಟ್ಟುತ್ತಾರೆ. ಕೆಳಗಿಳಿದವನು ಎರಡು ಸ್ಪ್ಯಾನರ್ ಹಿಡಿದು ಟೈ ರಾಡ್‌ನ ಲಾಕ್ ನಟ್ ಬಿಚ್ಚುತ್ತಾನೆ, ರಾಡನ್ನು ಕಾಲು ಸುತ್ತು ತಿರುಗಿಸುತ್ತಾನೆ. ಪರದೆಯ ಮೇಲಿನ ಕೆಂಪು ಅಂಕಿ ಹಸಿರಾಗುತ್ತದೆ. ಮತ್ತೆ ಲಾಕ್ ನಟ್ ಬಿಗಿಸಿದರೆ ಮುಗಿಯಿತು. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹೀಗೆ ಹೊಂದಿಸಲು ಸಿಗುವುದು ಮುಂದಿನ ಟೋ ಒಂದೇ. ಕ್ಯಾಂಬರ್‌ಗೆ ತಿರುಪು ಕೊಟ್ಟೇ ಇರುವುದಿಲ್ಲ. ಹಿಂದಿನ ಚಕ್ರಗಳು ಒಂದೇ ಬೀಮ್‌ಗೆ (ಅಡ್ಡ ತೊಲೆಗೆ) ಕೂತಿದ್ದರೆ ಅಲ್ಲೂ ತಿರುಗಿಸಲು ಏನಿಲ್ಲ. ಕ್ಯಾಂಬರ್ ಕೆಂಪು ತೋರಿಸುತ್ತಿದ್ದರೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಬಗ್ಗಿದೆಯೇ, ಸ್ಪ್ರಿಂಗ್ ಕುಸಿದಿದೆಯೇ, ಆರ್ಮ್ ಏಟು ತಿಂದಿದೆಯೇ ಎಂದು ಹುಡುಕಬೇಕು. ಸ್ಟ್ರಟ್ಟನ್ನೇ ಹೈಡ್ರಾಲಿಕ್ ಹಾಕಿ ಬಗ್ಗಿಸಿ ಅಂಕಿ ಸರಿಮಾಡಿಕೊಡುವವರಿದ್ದಾರೆ. ನನ್ನ ಕಾರಿಗಂತೂ ಬೇಡ ಎಂದಿದ್ದೇನೆ. ರೋಗ ಆರ್ಮ್‌ನಲ್ಲಿದ್ದರೆ ಸ್ಟ್ರಟ್ ಬಗ್ಗಿಸಿ ಏನು ಬಂತು?

ಆ ಹುಡುಗ ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲೇ ಎರಡು ಕೆಲಸ ಆಗಿರಬೇಕು. ನಾಲ್ಕೂ ಟೈರ್‌ಗೆ ಗಾಳಿ ಸರಿ ಮಾಡುವುದು ಒಂದು. ಎಷ್ಟು ಬೇಕೆಂಬುದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್ ಮೇಲೆ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಟೈರ್ ಬದಿಯ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಗಾಳಿ ಹಿಡಿಸಬೇಡಿ. ಇನ್ನೊಂದು ಕೆಲಸ, ಕೆಳಗಿನ ಸಾಮಾನುಗಳಲ್ಲಿ ಪ್ಲೇ, ಅಂದರೆ ಸಡಿಲ ಅಲುಗಾಟ, ಇದೆಯೇ ಎಂದು ನೋಡುವುದು. ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿಸಿ, ಗಡಿಯಾರದಲ್ಲಿ ಒಂಬತ್ತು ಮತ್ತು ಮೂರು ಇರುವ ಜಾಗ ಹಿಡಿದು ಅಲುಗಾಡಿಸಲಿ. ಟಕ್ ಟಕ್ ಎಂದರೆ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕ್ ಕಡೆಯ ಜಾಯಿಂಟ್. ಹನ್ನೆರಡು ಮತ್ತು ಆರರ ಜಾಗದಲ್ಲಿ ಅಲುಗಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಲೋಯರ್ ಆರ್ಮ್ ಬುಷ್ ಕೈಗೆ ಸಿಗುವುದಿಲ್ಲ, ಸಣ್ಣ ಹಾರೆ ಹಾಕಿ ಮೀಟಿ ನೋಡಬೇಕು. ಹರಿದಿದ್ದರೆ ರಬ್ಬರ್ ಬಾಯಿ ಬಿಡುತ್ತದೆ. ಇದನ್ನು ರ‍್ಯಾಂಪ್ ಇರುವ ಗ್ಯಾರೇಜಿನಲ್ಲೇ ಮಾಡಿಸಿ. ಮನೆ ಮುಂದೆ ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಇದನ್ನೆಲ್ಲ ಮಾಡದೆ ಅಲೈನ್‌ಮೆಂಟ್‌ಗೆ ಇಳಿದಿದ್ದರೆ ಅಂಗಡಿಯವರದೂ ತಪ್ಪಿದೆ. ಸುಳ್ಳು ಅಂಕಿ ಕೊಟ್ಟರು ಎನ್ನುತ್ತಿಲ್ಲ. ಸಡಿಲ ಬುಷ್ ಇರುವ ಕಾರಿಗೆ ಕೊಟ್ಟ ಅಂಕಿ ರ‍್ಯಾಂಪ್ ಇಳಿಯುವವರೆಗೆ ಮಾತ್ರ ನಿಜ. ಮುಂದಿನ ಸಲ ಕೆಲಸಕ್ಕೆ ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡೂ ಇರುವ ಪ್ರಿಂಟ್ ಕೇಳಿ, ಹಿಂದಿನ ಪ್ರಿಂಟ್ ಪಕ್ಕ ಇಟ್ಟು ನೋಡಿ. ಹೋದ ಸಲ ಹಸಿರು ಮಾಡಿ ಕಳಿಸಿದ ಟೋ ಈ ಸಲ ಬಂದಾಗ ಮತ್ತೆ ಕೆಂಪಾಗಿದ್ದರೆ, ನಡುವೆ ದೊಡ್ಡ ಗುಂಡಿಗೂ ಬಿದ್ದಿಲ್ಲವಾದರೆ, ಏನೋ ಸಡಿಲವಾಗಿದೆ ಎಂದೇ ಅರ್ಥ.

ಬ್ಯಾಲೆನ್ಸಿಂಗನ್ನೂ ಇದರ ಜೊತೆ ಸೇರಿಸಿ ಬರೆದಿದ್ದೀರಿ, ಬಿಲ್ಲಿನಲ್ಲಿ ಒಟ್ಟಿಗೇ ಬರುವುದರಿಂದ ಎಲ್ಲರೂ ಹಾಗೆಯೇ ಹೇಳುತ್ತಾರೆ. ಅದು ರಿಮ್ ಅಂಚಿಗೆ ಸಣ್ಣ ತೂಕದ ತುಂಡು ಹಚ್ಚಿ ಚಕ್ರ ಸಮವಾಗಿ ತಿರುಗುವಂತೆ ಮಾಡುವ ಕೆಲಸ. ತಪ್ಪಿದ್ದರೆ ಹೈವೇಯಲ್ಲಿ 80–100ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಒಳಅಂಚು ಸವೆಯುವುದಕ್ಕೆ ಅದರಿಂದ ಔಷಧಿ ಇಲ್ಲ. ಕಾರು ಸ್ವಲ್ಪ ಎಡಕ್ಕೆ ಜಾರುವುದು ಕೂಡ ಪ್ರತಿ ಸಲ ಅಲೈನ್‌ಮೆಂಟ್ ದೋಷವಲ್ಲ. ನೀರು ಹರಿಯಲೆಂದು ನಮ್ಮ ರಸ್ತೆಗಳು ಎಡ ಅಂಚಿಗೆ ಇಳಿಜಾರಾಗಿರುತ್ತವೆ.

ಟೈರ್ ರೊಟೇಶನ್ (ಟೈರ್‌ಗಳ ಜಾಗ ಅದಲುಬದಲು ಮಾಡುವುದು) ಬಗ್ಗೆ ನೀವು ಬರೆದಿಲ್ಲ, ಮಾಡಿಸುತ್ತಿಲ್ಲ ಎಂದುಕೊಂಡಿದ್ದೇನೆ. ಈ ಒಂದು ಸಲಕ್ಕೆ ಅದೇ ಒಳ್ಳೆಯದಾಯಿತು. ಮಾಡಿಸಿದ್ದರೆ ಸವೆತ ನಾಲ್ಕೂ ಟೈರ್‌ಗೆ ಹಂಚಿಹೋಗಿ, ಯಾವ ಚಕ್ರದಲ್ಲಿ ತಪ್ಪಿದೆ ಎಂಬ ಸುಳಿವು ಅಳಿಸಿಹೋಗುತ್ತಿತ್ತು. ಕಾರಣ ಸರಿಪಡಿಸಿದ ಮೇಲೆ 8,000–10,000 ಕಿ.ಮೀ.ಗೊಮ್ಮೆ ಮಾಡಿಸಿ, ಪ್ರತಿ ಸಲವೂ ಬಿಚ್ಚಿದ ಟೈರನ್ನು ಕೈಯಿಂದ ಸವರಿ ನೋಡಿದ ನಂತರವೇ ಜಾಗ ಬದಲಿಸಲಿ.

ಇನ್ನು ಈಗಿರುವ ಎರಡು ಟೈರ್‌ಗಳ ಮಾತು. ಟ್ರೆಡ್‌ನ ಉದ್ದ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ರಬ್ಬರ್ ಅವುಗಳ ಮಟ್ಟಕ್ಕೆ ಇಳಿದರೆ ಉಳಿದಿರುವುದು 1.6 ಮಿ.ಮೀ., ಕಾರಿಗೆ ಕಾನೂನಿನ ಮಿತಿ ಅದೇ. ಹೊರಗಡೆ ಎಷ್ಟೇ ಗ್ರಿಪ್ ಇರಲಿ, ಲೆಕ್ಕಕ್ಕೆ ಬರುವುದು ಅತಿ ಹೆಚ್ಚು ಸವೆದ ಜಾಗ. ನೀವು ಬೋಳು ಎಂದಿರುವುದು ನಿಜವಾಗಿ ಬೋಳೇ ಆಗಿದ್ದರೆ ಹಿಂದಕ್ಕೆ ಹಾಕಿಕೊಂಡು ಓಡಿಸುವ ಯೋಚನೆ ಬೇಡ, ಮಳೆಯಲ್ಲಿ ಮಡಿಕೇರಿ ರಸ್ತೆಗೆ ಇಳಿಯುವವರಿಗಂತೂ ಬೇಡವೇ ಬೇಡ. ಮೊದಲು ಬುಷ್, ಜಾಯಿಂಟ್ ನೋಡಿಸಿ, ಬದಲಿಸಬೇಕಾದ್ದನ್ನು ಬದಲಿಸಿ. ಆಮೇಲೆ ಟೈರ್, ಕೊನೆಗೆ ಅಲೈನ್‌ಮೆಂಟ್. ಹೊಸ ಟೈರ್ 1,500 ಕಿ.ಮೀ. ಓಡಿದಾಗ ಒಂದು ಭಾನುವಾರ ಬೆಳಿಗ್ಗೆ ಸ್ಟಿಯರಿಂಗ್ ತಿರುಗಿಸಿ, ಟಾರ್ಚ್ ಹಿಡಿದು, ಅಂಗೈ ಸವರಿ ನೋಡಿ. ಗರಗಸ ಆಗಲೇ ಕೈಗೆ ಸಿಕ್ಕಿದರೆ ಇನ್ನೂ ಏನೋ ಉಳಿದಿದೆ, ಪ್ರಿಂಟ್ ಹಿಡಿದುಕೊಂಡು ಅದೇ ಗ್ಯಾರೇಜಿಗೆ ಹೋಗಿ.